ಮಿಗ್‌ಗೆ ಬಳಿಯದ ಮಸಿ

ಕಾರ್ಗಿಲ್ ಯುದ್ಧ ಮುಗಿದ ಮರುವರ್ಷ, ಬೆಳಗೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ರಜೆ ಮುಗಿಸಿ ಹೊರಟಿದ್ದ ವಾಯುಪಡೆಯ ಮೆಕ್ಯಾನಿಕ್ ಒಬ್ಬ ಪಕ್ಕದಲ್ಲಿ ಹೆಂಡತಿಗೆ ಹೇಳುತ್ತಿದ್ದ:

“ಪಂಕಜಾ, ನಾವಿಬ್ರೂ ಅಂಟಿಸಿದ ಮಿಗ್ ಮಾಡೆಲ್‌ನ ಬಣ್ಣ ನಾಳೆ ಒಣಗ್ತದೆ. ಆಮೇಲೆ ಬಾಲದ ಹತ್ರ ಒಸಿ ಮಸಿ ಬಳಿದ್ಬುಡು.”

“ಅಷ್ಟು ಚೆಂದಾಗಿ ಬಣ್ಣ ಹೊಡ್ದು ಮಸಿ ಯಾಕ್ರೀ?”

“ನಿಜವಾದ ವಿಮಾನ ಹಂಗೆ ಹೊಳೀತಾ ಇರಲ್ಲ ಕಣೆ. ಹಾರಿ ಹಾರಿ ಹೊಗೆ ಹಿಡಿದಿರ್ತದೆ. ರೆಕ್ಕೆ ಮೇಲೆ ನಮ್ಮ ಬೂಟಿನ ಗುರುತೂ ಇರ್ತದೆ.”

“ಅದ್ನೆಲ್ಲ ನೀವೇ ಬಂದು ಮಾಡಿ.”

“ಮುಂದಿನ ರಜಾ ಯಾವಾಗ ಸಿಗ್ತದೋ ಏನೋ.”

“ಸಿಕ್ಕಾಗ ಮಾಡಿ. ಅಲ್ಲೀವರ್ಗೂ ನಾನು ಅದರ ಮೇಲೆ ಧೂಳೂ ಕೂರಕ್ಕೆ ಬಿಡಲ್ಲ.”

ಹಾಸನದ ಬಸ್ ಬಂತು. ಆತ ಟ್ರಂಕ್ ಎತ್ತಿಕೊಂಡು ಹತ್ತಿದ. ಆಕೆ ಕಿಟಕಿಯ ಸರಳು ಹಿಡಿದು ಬಸ್ಸಿನ ಜೊತೆಗೇ ನಡೆದಳು. ಅದು ವೇಗ ಹಿಡಿದಾಗ ಕೈಬಿಟ್ಟಳು.