ಒಳಮರಕ್ಕೆ ತಾಗಿಲ್ಲ

ಎವೊರಾದ ಆಸ್ಪತ್ರೆಯೆದುರು ಬಸ್ಸಿಗೆ ಕಾಯುತ್ತಿದ್ದ ಗ್ರಾಸಿಂಡಾಳ ಮುಂದೆ ಅತ್ತೆ ಸೊಸೆ ನಿಂತಿದ್ದರು. ಅತ್ತೆಯ ಮಗ ಬಾಟಲಿಯ ಬಿರಡೆ ಮಾಡುವ ಕಾರ್ಕ್ ಮರದ ತೊಗಟೆಯನ್ನು ಕೊಡಲಿಯಿಂದ ಸುಲಿಯುವವನು. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತೆಂದು ಅವರ ಮಾತಿನಿಂದಲೇ ತಿಳಿಯಿತು.

"ಕಾಲ್ಬೆರಳೂ ಅಲ್ಲಾಡಿಸದವನು ನಡೀತಾನೆ ಅಂತ ರಕ್ತಪರೀಕ್ಷೆ ಹೇಳ್ತಾ?"

"ನರ ಹರಿದಷ್ಟೂ ಅದರ ಚೂರು ರಕ್ತಕ್ಕೆ ಸೇರುತ್ತಂತೆ ಅತ್ತೆ. ಇವರ ರಕ್ತದಲ್ಲಿ ತೀರಾ ಕಮ್ಮಿ ಇದೆ. ಖಾತ್ರಿ ಕೊಡಲ್ಲ, ಆದ್ರೆ ನಡೆಯೋ ಸಾಧ್ಯತೇನೇ ಜಾಸ್ತಿ ಅಂದ್ರು ಡಾಕ್ಟ್ರು."

"ಅಂದ್ರೆ ಏಟು ತೊಗಟೆಗಷ್ಟೇ, ಒಳಮರಕ್ಕೆ ತಾಗಿಲ್ಲ."

"ಹೂಂ, ಹಾಗೇ."

"ತೊಗಟೆ ಮತ್ತೆ ಬೆಳೆಯೋಕೆ ಒಂಬತ್ತು ವರ್ಷ ಬೇಕು ಕಣೇ!"

"ಅಯ್ಯೋ, ನಿಮ್ಮ ಮಗ ಏನು ಮರವಾ?"

ಮುದುಕಿ ನಕ್ಕಳು, ಮರುಕ್ಷಣವೇ ಹಣೆ ಚಚ್ಚಿಕೊಂಡಳು.

"ಅವನ ಕೊಡಲೀನ ನಿನ್ನೆ ಪಕ್ಕದ್ಮನೆ ಝೆಫೆರಿನೊಗೆ ಕೊಟ್ಬಿಟ್ಟೆ. ಗೋಡೆ ಮೇಲೆ ಅದನ್ನ ನೋಡೋಕಾಗ್ಲಿಲ್ಲ."

ಬಸ್ ಬಂತು. ಅತ್ತೆಯೇ ಮೊದಲು ಹತ್ತಿದಳು.

"ಬೇಗ ಬಾರೇ! ಕೊಡಲಿ ಆ ಝೆಫೆರಿನೊ ಕೈಗೆ ಒಗ್ಗೋ ಮುಂಚೆ ಇಸ್ಕೊಂಡ್ಬರ್ಬೇಕು."