ಬಾಯಲ್ಲಿ ನೀರು ಇಟ್ಟುಕೊಂಡು ಓದಿದವನು

ಹೊಳಲ್ಕೆರೆಯ ಬಸ್ ನಿಲ್ದಾಣದ ಹಿಂದೆ ಒಂದು ಸಣ್ಣ ವಾಚನಾಲಯವಿದೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಓದುವುದಕ್ಕಿಂತ ಬಸ್ಸು ಕಾಯುವುದಕ್ಕೆ ಅಲ್ಲಿ ಬಂದು ಕೂರುವವರೇ ಹೆಚ್ಚು. ಆ ಸಂಜೆ ಮಳೆ ಹಿಡಿದುಕೊಂಡ ರೀತಿಗೆ ದುರ್ಗದ ಬಸ್ಸು ಎಲ್ಲೋ ಸಿಕ್ಕಿಹಾಕಿಕೊಂಡಿತ್ತು, ಕರೆಂಟು ಹೋಗಿತ್ತು. ಹೈಸ್ಕೂಲು ಮೇಷ್ಟ್ರು ರೇವಣಸಿದ್ದಪ್ಪ, ಅವರ ಜೊತೆಗೆ ಒಂದಿಬ್ಬರು ಪ್ರಯಾಣಿಕರು, ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ಸೆರಗು ಹಿಂಡಿಕೊಳ್ಳುತ್ತ ಕೂತ ಒಬ್ಬ ಮುದುಕಿ... ಒಳಗಿದ್ದವರು ಇಷ್ಟೇ.

ನಾನು ಮೇಣದ ಬತ್ತಿ ಹಚ್ಚಿಟ್ಟು, ಅರ್ಧ ಓದಿದ್ದ ಪುಸ್ತಕ ತೆಗೆದು ಕೂತೆ. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿದರೆ ಆ ಮುದುಕಿ ನನ್ನನ್ನೇ ನೋಡುತ್ತಿದ್ದಳು. ಸರಿಯಾಗಿ ಹೇಳಬೇಕೆಂದರೆ ನನ್ನ ಬಾಯನ್ನು ನೋಡುತ್ತಿದ್ದಳು.

"ಬಾಯ್ಬಿಟ್ಟು ಓದಬಾರ್ದೇನಪ್ಪ?"

"ಇದು ಓದೋ ಜಾಗ ಅಜ್ಜಿ. ಇಲ್ಲಿ ಸದ್ದು ಮಾಡಂಗಿಲ್ಲ," ಎಂದು ನಕ್ಕೆ.

ಅವಳು ನಗಲಿಲ್ಲ. "ನಮ್ಮಪ್ಪನೂ ಹಂಗೇ ಅಂತಿದ್ದ. ಅವನೂ ಪುಸ್ತಕ ಕಾಯೋನೇ," ಎಂದಳು. ಹೆಸರು ಕೇಳಿದ್ದಕ್ಕೆ ದಾಕ್ಷಾಯಣಮ್ಮ, ದುರ್ಗದವಳು ಎಂದಳು. ಮೇಷ್ಟ್ರಿಗೆ ಇಂಥ ಕಥೆಗಳ ವಾಸನೆ ಬೇಗ ಹತ್ತುತ್ತದೆ. ಬೆಂಚನ್ನು ಅವಳ ಹತ್ತಿರಕ್ಕೆ ಎಳೆದರು. ಉಳಿದವರೂ ಸರಿದು ಕೂತರು. ಹೊರಗೆ ಮಳೆ ನಿಲ್ಲುವ ಲಕ್ಷಣವೇ ಇರಲಿಲ್ಲ.

"ಬರ್ರಿ, ಹತ್ರ ಕುಂತ್ಕಳ್ರಿ. ಈ ಮಳೆ ಸದ್ದಿಗೆ ನನ್ನ ಗಂಟಲು ಸಾಲಲ್ಲ. ಇದು ಮಹಾರಾಜ್ರ ಕಾಲದ ಮಾತು. ನಾನಿನ್ನೂ ಲಂಗ ಉಟ್ಕಂಡು ಓಡಾಡ್ತಿದ್ದೆ. ದುರ್ಗದ ಪೇಟೆ ಒಳಗೆ ವರ್ತಕರೆಲ್ಲ ಸೇರಿ ಒಂದು ಓದೋ ಮನೆ ಮಾಡಿದ್ರು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬ್ಯಾಸಿಗೇಲೂ ಒಳಗೆ ತಣ್ಣಗಿರಾದು. ಅದನ್ನ ನೋಡ್ಕಳ್ಳಾಕೆ ನಮ್ಮಪ್ಪನ್ನ ಇಟ್ಟಿದ್ರು. ಪಂಚಾಕ್ಷರಪ್ಪ ಅಂತ ಹೆಸರು. ಬೆಳಿಗ್ಗೆ ಪೂಜೆ ಮುಗಿಸಿ ಹೋದ ಅಂದ್ರೆ ಪುಸ್ತಕದ ಧೂಳು ಹೊಡೆಯಾದು, ಹುಳ ಹಿಡೀಬಾರ್ದು ಅಂತ ಹಾಳೆ ನಡುವೆ ಬೇವಿನ ಎಲೆ ಇಡಾದು, ಹರಿದಿದ್ದಕ್ಕೆ ಅಂಟು ಕಾಸಿ ಹಚ್ಚಾದು, ಟಪಾಲಲ್ಲಿ ಬಂದ ಪತ್ರಿಕೆ ಬಿಡಿಸಿ ಮೇಜಿನ ಮೇಲೆ ಹರವಾದು... ಕೂಸಿಗೆ ಎಣ್ಣೆ ನೀರು ಹಾಕ್ದಂಗೆ ನೋಡ್ಕಂತಿದ್ದ. ಹೆತ್ತ ಮಗಳು ನಾನು, ನನ್ನ ತಲೆ ಒಂದು ದಿನ ಸವರಿದೋನಲ್ಲ. ನನಗೂ ಅಕ್ಷರ ಹೇಳಿಕೊಡಪ್ಪ ಅಂದ್ರೆ, ನಿನ್ನ ಕೈ ಈರುಳ್ಳಿ ನಾರುತ್ತೆ, ಪುಸ್ತಕ ಮುಟ್ಟಬ್ಯಾಡ ಅಂದ. ಅಂದ ಕಣ್ರಿ, ಹಂಗೇ ಅಂದ.

"ಕೆಲಸ ಮುಗೀತು ಅಂದ್ರೆ ಕುರ್ಚಿ ಮೇಲೆ ಕುಂತು ಓದಾಕೆ ಶುರು. ಊಟಕ್ಕೂ ಮನೆಗೆ ಬರ್ತಿರಲಿಲ್ಲ, ನಾನೇ ಬುತ್ತಿ ಒಯ್ಯಬೇಕು. ಒಂದು ಕೈಯಲ್ಲಿ ರೊಟ್ಟಿ, ಕಣ್ಣು ಪುಸ್ತಕದಾಗೆ. ಆಗೆಲ್ಲ ಓದಾದು ಅಂದ್ರೆ ಏನು ಅಂದ್ಕಂಡ್ರಿ? ಬಾಯ್ಬಿಟ್ಟು ಓದಾದು. ಪುರಾಣ ಓದಿದ್ರೂ ಅಷ್ಟೇ, ಪತ್ರಿಕೆ ಓದಿದ್ರೂ ಅಷ್ಟೇ, ರಾಗ ಎಳೆದು ಓದಿದ್ರೇನೇ ಓದು. ನಮ್ಮಪ್ಪ ಬೆಂಗಳೂರಿನಲ್ಲಿ ಯಾರೋ ಬಿಳೀ ದೊರೆ ಹತ್ರ ಕೆಲಸಕ್ಕಿದ್ದು ಮನಸ್ಸಿನಾಗೇ ಓದಾದು ಕಲ್ತು ಬಂದಿದ್ದ. ತುಟಿ ಕೂಡ ಅಲ್ಲಾಡ್ತಿರಲಿಲ್ಲ. ಇವನು ಓದ್ತಾನೋ, ಸುಮ್ನೆ ನೋಡ್ತಾನೋ ಅಂತ ಜನ ಕಿಟಕೀಲಿ ನಿಂತು ಇಣುಕೋರು. ಅದೇ ಅವನಿಗೆ ದೊಡ್ಡ ಜಂಬ. ಈ ಓದೋ ಮನೇಲಿ ಯಾರೂ ಸದ್ದು ಮಾಡಂಗಿಲ್ಲ ಅಂತ ಕಾನೂನು ಮಾಡ್ದ. ವರ್ತಕರು ಪಾಪ, ತುಟಿ ಕಚ್ಕಂಡು ಕಲ್ತ್ರು.

"ಆ ವರ್ಷ ಕುರಿಗೆ ರೋಗ ಬಿತ್ತು. ಸಂಜೆ ಮೇಯ್ದು ಬಂದ ಕುರಿ ಬೆಳಿಗ್ಗೆ ಹೊಟ್ಟೆ ಉಬ್ಬಿ ಕಾಲು ನೀಡ್ಕಂಡು ಬಿದ್ದಿರಾದು. ಮದಕರಿಪುರದ ಆಚೆ ಗೊಲ್ಲರ ಹಟ್ಟಿ ಇತ್ತಲ್ಲ, ಅಲ್ಲಿ ಕಾಟಲಿಂಗಪ್ಪ ಅಂತ ಒಬ್ಬ. ಕುರಿ ಬಿಟ್ರೆ ಅವನಿಗೆ ಹೊಲ ಇಲ್ಲ, ಮನೆ ಇಲ್ಲ, ಏನೂ ಇಲ್ಲ. ಅಕ್ಷರ ಬರ್ತಿತ್ತು. ಹೆಂಗೆ ಅಂತೀರಾ? ಜಗಲಿ ಮೇಲೆ ಅಯ್ಯನೋರು ಹುಡುಗರಿಗೆ ಪಾಠ ಹೇಳೋವಾಗ ಇವನು ಬೀದೀಲಿ ಕುರಿ ನಿಲ್ಲಿಸ್ಕಂಡು, ಮರಳಿನ ಮೇಲೆ ಬರೆಯಾದು ಇಣುಕಿ ನೋಡ್ತಾ, ಕೇಳಿ ಕೇಳಿ ಕಲ್ತಿದ್ದ. ಕಿವೀಲಿ ಕಲ್ತ ಅಕ್ಷರ. ತನ್ನ ದನಿ ತನ್ನ ಕಿವಿಗೆ ಬಿದ್ರೇನೇ ಅವನಿಗೆ ಅರ್ಥ ಆಗಾದು, ಇಲ್ಲಾಂದ್ರೆ ಇಲ್ಲ. ಕುರಿ ರೋಗಕ್ಕೆ ಮದ್ದು ಹೇಳೋ ಪುಸ್ತಕ ಪಂಚಾಕ್ಷರಪ್ಪನ ಹತ್ರ ಐತೆ ಅಂತ ಸಂತೇಲಿ ಯಾರೋ ಅಂದ್ರಂತೆ. ಹೆಂಡ್ತಿ ಕೆಂಚಕ್ಕನ್ನ ಕುರಿ ಹತ್ರ ಬಿಟ್ಟು ಓಡಿ ಬಂದ.

"ಪುಸ್ತಕ ಹೊರಗೆ ಒಯ್ಯಾಕೆ ಕೊಡ್ತಿರಲಿಲ್ಲ. ಮೂಲೇಲಿ ಕುಂತು ಓದಾಕೆ ಶುರು ಮಾಡ್ದ... ಮಂದೇಲಿ ಕೂಗೋ ಗಂಟಲು ಕಣ್ರಿ ಅದು, ಮಾಳಿಗೆ ಮಣ್ಣು ಉದುರಬೇಕು! ವರ್ತಕರು ಗುರ್ ಅಂದ್ರು. ನಮ್ಮಪ್ಪ ಬಂದು ಪುಸ್ತಕ ಕಿತ್ಕಂಡ. 'ಸ್ವಾಮಿ, ಹಂಗಾರೆ ನೀವೇ ಒಂದ್ಸಲ ಓದಿ ಹೇಳ್ರಿ, ಕೇಳ್ಕಂಡು ಹೋಗಿಬಿಡ್ತೀನಿ' ಅಂದ ಅವನು. ಎಷ್ಟೊತ್ತಿನ ಕೆಲಸ ಹೇಳ್ರಿ? ವೀಳ್ಯ ಹಾಕ್ಕಳ್ಳೋವಷ್ಟು ಹೊತ್ತು. ನಮ್ಮಪ್ಪ ಏನಂದ ಗೊತ್ತಾ? 'ನಾನಿರಾದು ಪುಸ್ತಕ ಕಾಯಾಕೆ, ಕುರಿ ಕಾಯೋನಿಗೆ ಪಾಠ ಹೇಳಾಕಲ್ಲ.' ಅವನು ಹೊಸ್ತಿಲು ಹಿಡ್ಕಂಡು ಅತ್ತ. ಆಗ ನಮ್ಮಪ್ಪನಿಗೆ ಒಂದು ಆಟ ಹೊಳೀತು. 'ಓದು, ಯಾರು ಬ್ಯಾಡ ಅಂದ್ರು? ಬಾಯಿ ತುಂಬ ನೀರು ಇಟ್ಕಂಡು ಓದು. ಒಂದು ಹನಿ ಹೊರಗೆ ಬಿತ್ತು, ಒಂದು ಸದ್ದು ಹೊರಗೆ ಬಂತು ಅಂದ್ರೆ ನಾಳೆಯಿಂದ ಈ ಮೆಟ್ಲು ಹತ್ತಬ್ಯಾಡ' ಅಂದ. ಚೊಂಬು ಎತ್ತಿ ಹಿಡಿದು, ಮೇಲಿಂದ ಅವನ ಬಾಯಿಗೆ ನೀರು ಹುಯ್ದ. ಕೆನ್ನೆ ಉಬ್ಬಿಸ್ಕಂಡು ಅವನು ಕುಂತಿದ್ದು ನೋಡಿ ಎಲ್ರೂ ನಕ್ಕರು. ಸದ್ದಿಲ್ದಂಗೆ ನಕ್ಕರು! ಅಷ್ಟು ಚೆನ್ನಾಗಿ ಕಲ್ತಿದ್ರು.

"ದಿನಾ ಬಂದ ಕಣ್ರಿ ಅವನು. ದಿನಾ ಬಂದು ನಾಯಿ ಹಂಗೆ ಬಾಯಿ ತೆರೆಯೋನು, ನಮ್ಮಪ್ಪ ಹುಯ್ಯೋನು. ಬೆರಳು ಸಾಲಿನ ಮೇಲೆ ಇಟ್ಕಂಡು ಕುಂತಿರೋನು, ಏನೂ ತಿಳೀತಿರಲಿಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ನೀರು. ಹಟ್ಟಿಗೆ ಹೋದ್ರೆ ಇನ್ನೊಂದಷ್ಟು ಕುರಿ ಬಿದ್ದಿರೋವು. ನಾನು ಬುತ್ತಿ ಇಟ್ಟು ಬರೋವಾಗ ನೋಡ್ತಿದ್ದೆ. ಅವನ ಕಂಬಳಿ ವಾಸನೆ ಆ ಮನೆಯೆಲ್ಲ ತುಂಬ್ಕಂಡಿರಾದು, ಅದಕ್ಕೂ ನಮ್ಮಪ್ಪ ಮೂಗು ಮುಚ್ಕಳ್ಳೋನು.

"ಆಮೇಲೆ ಒಂದಿನ... ಆಗ ಅಲ್ಲೇ ಕುಂತಿದ್ದೋರು ಪೇಟೇಲಿ ಹೇಳಿದ್ದು ಇದು... ಅವನ ಬೆರಳು ಸಾಲಿನ ಮೇಲೆ ಸರಸರ ಓಡಾಕೆ ಹತ್ತಿತಂತೆ. ಮನಸ್ಸಿನಾಗೇ ಓದಾದು ಅವನಿಗೆ ಬಂದುಬಿಟ್ಟಿತ್ತು! ಮುಖ ಅಗಲ ಆಯ್ತಂತೆ. ಮದ್ದು ಸಿಕ್ತು ಅಂತ ಕಾಣುತ್ತೆ. ಹಿಗ್ಗು ತಡೀಲಾರದೆ ಉಸಿರು ಎಳ್ಕಂಡ ನೋಡ್ರಿ, ಬಾಯಲ್ಲಿದ್ದ ನೀರು ನೆತ್ತಿಗೆ ಹತ್ತಿತು. ಕೆಮ್ಮಿದ್ರೆ ಸದ್ದಾಗುತ್ತೆ, ಉಗುಳಿದ್ರೆ ಹನಿ ಬೀಳುತ್ತೆ, ನಾಳೆ ಒಳಗೆ ಬಿಡಲ್ಲ. ಮುಂದಿನ ಹಾಳೆ ಓದಾದು ಬಾಕಿ ಐತೆ. ಎರಡೂ ಕೈಯಾಗೆ ಬಾಯಿ ಅದುಮಿ ಹಿಡ್ಕಂಡ. ಕಣ್ಣು ಹೊರಗೆ ಬಂದ್ವು, ಕಾಲು ನೆಲಕ್ಕೆ ಹೊಡ್ಕಂಡ್ವು. ಮನೇಲಿ ಕೂಸಿಗೆ ನೆತ್ತಿಗೆ ಹತ್ತಿದ್ರೆ ಏನ್ ಮಾಡ್ತೀವ್ರಿ? ತಲೆ ತಟ್ತೀವಿ. ಅಷ್ಟು ಜನ ಕುಂತಿದ್ರಲ್ಲ, ಒಬ್ಬನಾದ್ರೂ ಎದ್ದು ಅವನ ನೆತ್ತಿ ತಟ್ಟಿದ್ರೆ? ಯಾರೂ ಏಳಲಿಲ್ಲ. ನಮ್ಮಪ್ಪ ಓದ್ತಿದ್ದ ಪುಸ್ತಕದಿಂದ ತಲೆ ಎತ್ತದೇನೇ 'ಶ್' ಅಂದ. ಅವನ ತಲೆ ಪುಸ್ತಕದ ಮೇಲೆ ಬಿತ್ತು.

"ನಾನು ಬುತ್ತಿ ತಗಂಡು ಹೋದಾಗ ಹೆಣ ಇನ್ನೂ ಅಲ್ಲೇ ಇತ್ತು. ನಮ್ಮಪ್ಪ ಎಲ್ಲಿದ್ದ ಅಂತೀರಿ? ಹೊರಗೆ ಕಟ್ಟೆ ಮೇಲೆ. ನೆಂದ ಪುಸ್ತಕ ಬಿಸಿಲಿಗೆ ಹಿಡಿದು, ಹಾಳೆ ಹಾಳೇನೂ ತನ್ನ ಶಲ್ಯದಾಗೆ ಒತ್ತಿ ಒರೆಸ್ತಿದ್ದ.

"ಮಣ್ಣು ಮಾಡಿ ಕೆಂಚಕ್ಕ ಬಂದ್ಲು. ಬಯ್ಯಲಿಲ್ಲ, ಶಾಪ ಹಾಕಲಿಲ್ಲ. ಮೆಟ್ಲು ಕೆಳಗೆ ನಿಂತ್ಕಂಡು, 'ಸ್ವಾಮಿ, ಇನ್ನೂ ಸ್ವಲ್ಪ ಕುರಿ ಉಳ್ಕಂಡಾವೆ. ನನ್ನ ಗಂಡ ಎಲ್ಲೀಗಂಟ ಓದಿದ್ನೋ ಅದರ ಮುಂದಿಂದು ಓದಿ ಹೇಳ್ರಿ' ಅಂದ್ಲು. ನಮ್ಮಪ್ಪ 'ಪುಸ್ತಕ ಒದ್ದೆಯಾಗೈತೆ, ಒಣಗಬೇಕು' ಅಂತ ಬಾಗಿಲು ಹಾಕ್ಕಂಡ. ಉಳಿದ ಕುರೀನೂ ಸತ್ವು. ಅವಳು ಕೂಲಿ ಹುಡುಕ್ಕಂಡು ಹಿರಿಯೂರು ಕಡೆ ಹೋದ್ಲಂತೆ, ಬದುಕಿದ್ಲೋ ಇಲ್ವೋ.

"ಆ ಬಾಗಿಲು ಹಾಕ್ಕಂಡು ಒಳಗೆ ಬಂದು ಪುಸ್ತಕ ತೆಗೆದ ನೋಡ್ರಿ, ಅವತ್ತೇ ಶುರುವಾಯ್ತು. ಒಂದು ಸಾಲು ಓದ್ತಿದ್ದಂಗೆ ಬಾಯಿ ತುಂಬ ನೀರು. ಎಂಜಲಲ್ಲ, ನೀರು! ತಣ್ಣಗೆ ಕೊರೆಯೋ ನೀರು, ಕುರಿ ವಾಸನೆ ನೀರು. ಉಗುಳಿ ಬಂದು ಕುಂತ, ಇನ್ನೊಂದು ಸಾಲು, ಮತ್ತೆ ಬಾಯಿ ತುಂಬ. ಆಸ್ಪತ್ರೇಲಿ ಮದ್ದು ಕೊಟ್ರು, ನಮ್ಮವ್ವ ಬಸಮ್ಮ ಮಠಕ್ಕೆ ಹೋಗಿ ತಾಯಿತ ತಂದ್ಲು. ಓದಾದೇ ಬಿಟ್ಟ. ಬಿಟ್ರೆ ಮುಗೀತಾ? ಅಕ್ಷರ ಬಂದೋನು ಕಣ್ಣಿಗೆ ಬಿದ್ದ ಅಕ್ಷರ ಓದದಂಗೆ ಇರಾಕೆ ಆಗುತ್ತೇನ್ರಿ? ಅಂಗಡಿ ಮೇಲಿನ ಹೆಸರು, ಎಣ್ಣೆ ಡಬ್ಬಿ, ಬೆಂಕಿಪೆಟ್ಟಿಗೆ... ಎಲ್ಲಿ ನೋಡಿದ್ರೂ ಬಾಯಿ ತುಂಬ್ಕಳ್ಳಾದು. ಪೇಟೇಲಿ ಉಗುಳ್ತಾ ಉಗುಳ್ತಾ ಹೋಗೋನು. ಹುಡುಗರು ಹಿಂದೆ ಬಿದ್ದು ನಗೋರು. ಇವರು ಸದ್ದು ಮಾಡೇ ನಕ್ಕರು.

"ಬಿಡುಗಡೆ ಅವನ ಬಾಯಲ್ಲೇ ಇತ್ತು, ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಸಾದು. ಒಂದಿನ ಯಾರೋ ದೊಡ್ಡ ವರ್ತಕರು ಕಾಗದ ತೋರಿಸಿ ಇದರಾಗೆ ಏನೈತೆ ಅಂದ್ರು. ಬಾಯ್ಬಿಟ್ಟು ಓದಿ ಹೇಳಿದ. ನೀರು ಬರಲಿಲ್ಲ! ಅವತ್ತು ನಮ್ಮವ್ವ ಅವನ ಕಾಲು ಹಿಡ್ಕಂಡ್ಲು. 'ಸದ್ದು ಮಾಡೇ ಓದ್ರಿ, ಯಾರಪ್ಪನ ಗಂಟು ಹೋಗುತ್ತೆ?' ಅಂದ್ಲು. 'ನಾನೇನು ಕುರಿ ಕಾಯೋನೇನೇ?' ಅಂತ ಕಾಲು ಕೊಡವಿದ. ಓದೋ ಮನೆಗೆ ಹೋಗಾದು ಬಿಡಲಿಲ್ಲ. ಅಷ್ಟು ಪುಸ್ತಕದ ನಡುವೆ ಕಣ್ಣು ಮುಚ್ಕಂಡು ಕುಂತಿರೋನು, ಕೈ ಮಾತ್ರ ರಟ್ಟು ಸವರ್ತಿರಾದು. ಅನ್ನ ಬಿಟ್ಟೋರೂ ಅಷ್ಟು ಸೊರಗಲ್ಲ.

"ಆಗ ಬೆಂಗಳೂರಿಂದ ಒಬ್ಬ ದೊಡ್ಡ ಅಧಿಕಾರಿ ಬಂದ್ರು. ಸದ್ದಿಲ್ದಂಗೆ ಓದೋ ಊರು ಅಂತ ಕೇಳಿದ್ರಂತೆ, ನೋಡಾಕೆ ಬಂದ್ರು. ಹೊಸಾ ಪುಸ್ತಕ ತಂದಿದ್ರು, ಹಾಳೆ ಒಂದಕ್ಕೊಂದು ಕೂಡ್ಕಂಡಿದ್ವು, ಅಂಚು ಕೂಡ ಕುಯ್ದಿರಲಿಲ್ಲ. 'ಪಂಚಾಕ್ಷರಪ್ಪನೋರೇ, ನೀವು ಓದಾದು ನೋಡಬೇಕು' ಅಂತ ಕೈಗೆ ಕೊಟ್ರು. ಊರೇ ಒಳಗೆ ಸೇರಿತ್ತು. ನಾನೂ ನಮ್ಮವ್ವನೂ ಕಿಟಕೀಲಿ ನಿಂತಿದ್ವಿ. ಹಾಳೆ ಕುಯ್ದ, ಮೂಗಿಗೆ ಹಿಡ್ಕಂಡ... ಎಷ್ಟು ದಿನದ ಹಸಿವೋ, ಕಣ್ಣು ಇಳಿಸಿದ. ಕೆನ್ನೆ ಉಬ್ಬಿತು. ನುಂಗಿದ. ಇನ್ನೊಂದು ಸಾಲು, ಮತ್ತೆ ನುಂಗಿದ. ಹಾಳೆ ತಿರುವಿದ, ನುಂಗಿದ, ತಿರುವಿದ, ನುಂಗಿದ... ನಿಲ್ಲಿಸಾಕೇ ಆಗ್ಲಿಲ್ಲ ಅವನಿಗೆ. ಎಂಥಾ ತನ್ಮಯತೆ ಅಂತ ಅಧಿಕಾರಿ ಪಕ್ಕದೋರಿಗೆ ಕಣ್ಸನ್ನೆ ಮಾಡಿದ್ರು. ನಮ್ಮವ್ವ ಕಿಟಕಿ ಸರಳು ಹಿಡ್ಕಂಡು 'ಬಾಯ್ಬಿಡ್ರೀ, ನಿಮ್ಮ ದಮ್ಮಯ್ಯ, ಬಾಯ್ಬಿಡ್ರೀ' ಅಂತ ಕೂಗಿದ್ಲು. ಅವನು ಒಂದ್ಸಲ ನಮ್ಮ ಕಡೆ ನೋಡಿದ. ನೋಡಿ, ತುಟಿ ಇನ್ನೂ ಬಿಗಿ ಮಾಡ್ದ.

"ನೆತ್ತಿಗೆ ಹತ್ತಿತು. ಕೈ ಬಾಯಿಗೆ ಹೋಯ್ತು. ಜನದ ಮಧ್ಯೆ ನುಗ್ಗಿ ನಮ್ಮವ್ವ ಒಳಗೆ ಬರೋವರೆಗೆ ಯಾರಾದ್ರೂ ಏಳಬೇಕಲ್ಲ? ಯಾರೂ ಏಳಲಿಲ್ಲ, ಯಾರೂ ಉಸಿರೆತ್ತಲಿಲ್ಲ. ಅವನೇ ಕಲಿಸಿದ ಪಾಠ.

"ಬಿಸಿಲಿಗೆ ಊರ ಬಾವಿಯೆಲ್ಲ ಬತ್ತಿದ ಕಾಲ ಅದು. ನಮ್ಮಪ್ಪನ್ನ ಸಮಾಧೀಲಿ ಕೂರಿಸಿ ವಿಭೂತಿ ಇಡೋ ಹೊತ್ತಿಗೂ ಬಾಯಿಂದ ನೀರು ಇಳೀತಾನೇ ಇತ್ತು. ಒರೆಸಿದ ಬಟ್ಟೆ ತುಂಬ ಕರೀ ಉಣ್ಣೆ. ನಮ್ಮವ್ವ ಅದನ್ನ ಯಾರಿಗೂ ತೋರಿಸಲಿಲ್ಲ."

ದಾಕ್ಷಾಯಣಮ್ಮ ನಿಲ್ಲಿಸಿದಳು. ಪ್ರಯಾಣಿಕರಲ್ಲೊಬ್ಬ ಚೀಲವನ್ನು ಎದೆಗೆ ಅವಚಿಕೊಂಡಿದ್ದ. ಆ ಓದುವ ಮನೆ ಈಗಲೂ ಇದೆಯೇ ಎಂದು ಮೇಷ್ಟ್ರು ಕೇಳಿದರು.

"ಎಲ್ಲೀದು? ಆ ಕುರ್ಚಿ ಮೇಲೆ ಕುಂತ ಇನ್ನೊಬ್ಬನೂ ಹಂಗೇ ಹೋದ. ಬೀಗ ಹಾಕಿದ್ರು. ಪುಸ್ತಕ ಎಲ್ಲ ಗಾಡಿಗೆ ಹೇರಿ ಹಿರಿಯೂರಿಗಿಷ್ಟು, ಹೊಸದುರ್ಗಕ್ಕಿಷ್ಟು, ನಿಮ್ಮ ಹೊಳಲ್ಕೆರೆಗಿಷ್ಟು ಅಂತ ಹಂಚಿದ್ರು. ನನಗೇನು ಭಯ, ನನಗೆ ಅಕ್ಷರ ಬರಲ್ಲ. ನಮ್ಮಪ್ಪ ನನಗೆ ಮಾಡಿದ ಉಪಕಾರ ಅಂದ್ರೆ ಅದೊಂದೇ." ಅವಳು ನನ್ನ ಕಡೆ ತಿರುಗಿದಳು. "ನೀನು ದಿನಾ ಮನಸ್ಸಿನಾಗೇ ಓದ್ತೀಯಲ್ಲಪ್ಪ, ಓದ್ತಾ ಓದ್ತಾ ಬಾಯಲ್ಲಿ ನೀರು ಬರುತ್ತಾ?"

"ಎಲ್ಲರಿಗೂ ಬರುತ್ತೆ ಅಜ್ಜಿ," ಎಂದೆ.

"ನುಂಗ್ತೀಯ."

"ಹೂಂ."

"ಒಂದೊಂದ್ಸಲ ನೆತ್ತಿಗೆ ಹತ್ತುತ್ತಾ?"

ಹತ್ತುತ್ತದೆ. ಹಿಂದಿನ ದಿನವೂ ಹತ್ತಿತ್ತು. ಮೇಷ್ಟ್ರು ತಲೆ ತಟ್ಟಿ, ಯಾರೋ ನಿಮ್ಮನ್ನು ನೆನೆಸಿಕೊಂಡರು ಎಂದು ನಕ್ಕಿದ್ದರು. ಅದನ್ನೇ ಹೇಳಿದೆ.

ಮುದುಕಿ ಒದ್ದೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಎದ್ದಳು.

"ಹೌದಪ್ಪ... ನೆನೆಸ್ಕಂತಾನೆ ಆ ಕುರಿ ಕಾಯೋನು. ದಿನಾ ನೆನೆಸ್ಕಂತಾನೆ."