ಎಡಗಡೆ ಚಕ್ರ

ಅಯ್ಯೋ, ಇಳೀಬೇಡಿ ಕಸೆಬೆಲೆ ಯಜಮಾನ್ರೇ! ಸ್ಟೀರಿಂಗ್ ಮುಂದೆ ಹಾಗೇ ಕೂತಿರಿ. ಗಾಡಿ ರಿಪೇರಿ ಆಯ್ತು ಅಂತ ಬಾಯಲ್ಲಿ ಹೇಳಿಬಿಟ್ರೆ ಆಯ್ತಾ? ನಮ್ಮಪ್ಪ ಈ ಬೆಣ್ಣೆಹಣ್ಣಿನ ಮರದ ಕೆಳಗೆ ಗ್ಯಾರೇಜು ಹಾಕಿದಾಗಿಂದ ಒಂದೇ ಕಟ್ಟಳೆ... ಯಜಮಾನ ಸೀಟಲ್ಲಿ ಕೂತು ಪರೀಕ್ಷೆ ನೋಡಬೇಕು, ಆಮೇಲೇ ಗಾಡಿ ಒಯ್ಯಬೇಕು. ಯಾಕೆ ನಗ್ತೀರಿ? ಹೆಂಗಸು ಜಾಕ್ ಎತ್ತಿದ್ದಕ್ಕಾ? ನಗಿ, ನಗಿ! ಇಡೀ ತುಕುಯು ಪೇಟೆ ನಕ್ಕಾಯ್ತು, ನೀವೊಬ್ರು ಬಾಕಿ ಯಾಕೆ.

ನೋಡಿ, ಬಲಗಡೆ ಮುಂಚಕ್ರ ಎತ್ತಿದೀನಿ. ಮೇಲೊಂದು ಕೈ, ಕೆಳಗೊಂದು ಕೈ... ಹಿಂಗೆ ಅಲ್ಲಾಡಿಸ್ತೀನಿ. ಟಕ್ ಟಕ್ ಅಂತಿದೆ, ಕೇಳಿಸ್ತಾ? ಹೆದರಬೇಡಿ! ಬ್ರೇಕ್ ಒತ್ತಿ. ಒತ್ತಿ ಹಿಡೀರಿ... ಹಾಂ, ನಿಂತೋಯ್ತು ನೋಡಿ! ಬ್ರೇಕ್ ಒತ್ತಿದಾಗ ನಿಂತ್ರೆ ಬೇರಿಂಗ್ ಸಡಿಲ ಅಷ್ಟೇ. ಒಂಚೂರು ಬಿಗಿ ಮಾಡಿದ್ರೆ ಮುಗೀತು... ಇಗೋ, ಮಾಡ್ದೆ. ಒತ್ತಿದ ಮೇಲೂ ಅಲ್ಲಾಡಿದ್ರೆ? ಆಗ ಬಾಲ್ ಜಾಯಿಂಟ್ ಸತ್ತಿದೆ ಅಂತ. ಚಕ್ರಾನ ಗಾಡಿಗೆ ಹಿಡಿದಿರೋದೇ ಅದು, ನಮ್ಮ ಮಂಡಿ ಇದ್ದ ಹಾಗೆ. ಅದು ಕಳಚಿದ್ರೆ ಚಕ್ರ ಮಡಚಿ ಬೀಳತ್ತೆ, ಸ್ಟೀರಿಂಗ್ ಎತ್ತ ತಿರುಗಿಸಿದ್ರೂ ಗಾಡಿ ಮಾತು ಕೇಳಲ್ಲ. ಈ ಕಡೇದು ಗಟ್ಟಿಯಾಗಿದೆ. ಇರ್ಲೇಬೇಕಲ್ಲ! ಅದೇ ಕಳಚಿ ಅಂಗಾನಿಲೆ ಸತ್ತ ಮೇಲೆ ಹೊಸದು ಹಾಕ್ಸಿದ್ದು.

ಯಾಕೆ ಮುಖ ಆ ಕಡೆ ತಿರುಗಿಸಿದ್ರಿ? ನನ್ನ ಗಂಡನ ಹೆಸರು ನಾನು ಹೇಳಬಾರದಾ? ಇದೇ ಸೀಟಲ್ಲಿ ಕೂತಿದ್ದ ಅವನು. ದಿನಾ ರಾತ್ರಿ ಊಟಕ್ಕೆ ಕೂತ್ರೆ ಒಂದೇ ವರಾತ... ‘ಸೆಕೆಲಾ, ಗುಂಡಿಗಿಳಿದ್ರೆ ಸ್ಟೀರಿಂಗ್ ಕೈಯಲ್ಲಿ ಕುಣೀತದೆ. ಸೆಕೆಲಾ, ಗಾಡಿ ತಾನಾಗೇ ಬಲಕ್ಕೆ ಎಳೀತದೆ. ಸೆಕೆಲಾ, ಬಲಗಡೆ ಟಯರು ಒಂದೇ ಅಂಚಲ್ಲಿ ಸವೀತಿದೆ.’ ಇಷ್ಟು ಕೇಳಿದ್ರೆ ಸಾಕು, ನಮ್ಮಪ್ಪ ಮಲಗಿದಲ್ಲಿಂದಲೇ ರೋಗ ಹೇಳ್ತಿದ್ದ! ನಾನೂ ಹೇಳ್ದೆ, ಬಲಗಡೆ ಜಾಯಿಂಟ್ ಹೋಗಿದೆ ಅಂತ. ಅಂಗಾನಿಲೆ ಬಂದು ನಿಮಗೂ ಹೇಳಿದ.

ಹೇಳಿಲ್ವಾ? ತಲೆ ಅಲ್ಲಾಡಿಸಬೇಡಿ. ಸತ್ತೋನು ಸಾಕ್ಷಿಗೆ ಬರಲ್ಲ ಅನ್ನೋ ಧೈರ್ಯ!

ಮಣ್ಣು ಮಾಡೋ ದಿನ ಹೆಣದ ಮುಂದೆ ಅವನ ಬಾಳಿನ ಕಥೆ ಓದೋಕೆ ನೀವೇ ಎದ್ರಿ. ದೊಡ್ಡ ಮನುಷ್ಯರು, ಕೆಲಸ ಕೊಟ್ಟೋರು, ಯಾರು ಬೇಡ ಅಂತಾರೆ? ಹುಟ್ಟಿದ್ದು ಓದಿದ್ರಿ, ಮದುವೆ ಓದಿದ್ರಿ... ಕೊನೆಗೆ ಸಾವಿನ ಕಾರಣ. ‘ಕುಡಿದು ಓಡಿಸಿದ’ ಅಂದ್ರಿ! ಅವತ್ತು ಅವನು ಕುಡಿದದ್ದು ನಾನು ಕೊಟ್ಟ ಶುಂಠಿ ಚಹಾ. ಕುಡುಕನಿಗೆ ಹಾಡಲ್ಲ ಅಂತ ಚರ್ಚಿನ ಹಾಡುಗಾರರು ಪುಸ್ತಕ ಮಡಚಿಟ್ಟು ಎದ್ದು ಹೋದ್ರು. ಅವರ ಜೊತೇಲೇ ಹಾಡ್ತಿದ್ದವನಿಗೆ ಒಂದು ಸಾಲು ಹಾಡಲಿಲ್ಲ. ಅವನಮ್ಮ ಇವತ್ತಿಗೂ ಚರ್ಚಲ್ಲಿ ಬಾಗಿಲ ಹತ್ರ ಕೂರ್ತಾಳೆ, ಕುಡುಕನ ತಾಯಿ ಅಂತ.

ಸರಿ, ಬಿಡಿ. ಜಾಕ್ ಇಳಿಸಿದೆ. ನೀವು ನಿನ್ನೆ ತಂದುಕೊಟ್ಟ ಹೊಸ ಜಾಯಿಂಟು ಎಡಗಡೆಗೆ ನಿನ್ನೇನೇ ಕೂತಾಯ್ತು. ಹೊರಡಿ. ಡ್ರೈವರ್‌ಗಳು ಯಾರೂ ಈ ಗಾಡಿ ಮುಟ್ಟಲ್ವಂತಲ್ಲ, ಪಾಪ, ನೀವೇ ಕೆಳಗಿನ ಕ್ಯೇಲಾ ಪೇಟೆಗೆ ಬಾಳೆಗೊನೆ ಒಯ್ಯಬೇಕು. ಪೂರ್ತಿ ಇಳಿಜಾರು. ಹೂವಿನ ಹಾಗೆ ಹೋಗತ್ತೆ!

ಯಾಕೆ, ಕೀ ತಿರುಗಿಸಲ್ವಾ? ಸ್ಟೀರಿಂಗ್ ಸುಮ್ನೆ ಅತ್ತ ಇತ್ತ ಆಡಿಸ್ತಿದೀರಿ... ಕತ್ತು ಚಾಚಿ ಎಡಗಡೆ ಏನು ನೋಡ್ತೀರಿ? ಅದನ್ನ ಎತ್ತಿ ತೋರಿಸಲಿಲ್ಲ ಅಂತಾನಾ? ಬಾಯಿ ಬಿಟ್ಟು ಕೇಳಿ! ಕೇಳ್ರೀ... ಕೇಳಲ್ಲ. ಕೇಳಿದ್ರೆ ಸ್ಟೀರಿಂಗಿನ ಆ ಸಡಿಲ ನಿಮ್ಮ ಕೈಗೆ ಮೊದಲೇ ಪರಿಚಯ, ಅವನು ಹೇಳಿದ್ದು ನಿಜ ಅಂತ ಆಗಿಬಿಡತ್ತೆ. ‘ಸ್ಟೀರಿಂಗ್ ವಿದ್ಯೆ ನನಗೇನು ಗೊತ್ತು’ ಅಂತ ಪೊಲೀಸರ ಮುಂದೆ ಹೇಳಿದೀರಲ್ಲ!

ಅರೆ... ಬಾಗಿಲು ತೆಗೆದ್ರಿ. ಇಳಿದೇ ಬಿಟ್ರಿ!

ಹೌದು. ಎಡಗಡೆ ಹಳೇ ಜಾಯಿಂಟೇ ಇದೆ ಒಳಗೆ. ಹೊಸದು ಇಗೋ, ನನ್ನ ಮಡಿಲಲ್ಲಿ, ಸುತ್ತಿದ ಕಾಗದ ಕೂಡ ಬಿಚ್ಚಿಲ್ಲ. ಹಾಗೆ ನೋಡಬೇಡಿ. ಹೋಗೋಕೆ ಬಿಡ್ತಿದ್ಯಾ ಅಂತ ತಾನೇ? ಬಿಡ್ತಿದ್ದೆ. ದೇವರಾಣೆ ಬಿಡ್ತಿದ್ದೆ.

ಭಾನುವಾರ ಅವನ ಗೋರಿಗೆ ಸಿಮೆಂಟು ಹಾಕ್ತೀವಿ. ಊರೆಲ್ಲ ಸೇರತ್ತೆ, ಹಾಡುಗಾರರೂ ಬರ್ತಾರೆ. ಎದ್ದು ನಿಂತು ಇನ್ನೊಂದ್ಸಲ ಓದಿ. ‘ಅವನು ಕುಡಿದಿರಲಿಲ್ಲ, ಗಾಡಿ ಕೆಟ್ಟಿತ್ತು, ಅದು ನನಗೆ ಗೊತ್ತಿತ್ತು’ ಅಂತ. ಅಲ್ಲಿವರೆಗೂ ಗಾಡಿ ಇಲ್ಲೇ ನಿಂತಿರತ್ತೆ.

ಎಲ್ಲಿಗೆ ಹೊರಟ್ರಿ? ಇರಿ. ಚಹಾದಂಗಡಿ ಬೆಂಚಿನ ಮೇಲಿರೋರೆಲ್ಲ ಈ ಕಡೇನೇ ನೋಡ್ತಿದಾರೆ, ನಾನು ಹೇಳಿದ್ದೆಲ್ಲ ಕೇಳಿಸ್ಕೊಂಡಿದಾರೆ. ‘ಇವತ್ತು ಬೇಡ, ಯಜಮಾನ್ರೇ’ ಅಂತ ಅವತ್ತು ಅವನು ಈ ಸೀಟಲ್ಲೇ ಕೂತು ಅಂಗಲಾಚಿದಾಗ ಏನಂದ್ರಿ? ‘ಹೆದರಿಕೆ ಆದ್ರೆ ಕೀ ಇಟ್ಟು ಹೋಗು, ನಾಳೆಯಿಂದ ಬರಬೇಡ.’ ಇವತ್ತು ನಿಮಗೆ ಭಯ ಆಯ್ತು, ಬಾಗಿಲು ತೆಗೆದು ಇಳಿದ್ರಿ. ಅವನನ್ನ ಇಳಿಯೋಕೆ ಬಿಡ್ಲಿಲ್ಲ ನೀವು.